ಇರುಕು, ಇರುಕ್ಕು

ಮೊಮ್ಮಕ್ಕಳೇ, ಹೋದ ರಜೆಗೆ ಬಂದಾಗ ನೀವಿಬ್ಬರೂ ಶೆಡ್ಡಿನ ಬಾಗಿಲಲ್ಲಿ ನಿಂತು, ಮೇಸ್ತ್ರಿ ತಾತ ಎಲ್ಲಿ ಎಂದು ಕೇಳಿದಿರಿ. ತಿರುಪ್ಪೂರಿಗೆ ಹೋಗಿದ್ದಾರೆ ಎಂದೆ. ಯಾವಾಗ ಬರುತ್ತಾರೆ ಎಂದಿರಿ. ನಾನು ಒಳಗೆ ಹೋಗಿ ಹಾಲು ಕಾಯಿಸಲು ಇಟ್ಟೆ.

ಎದುರು ಕೂತು ಉದ್ದಕ್ಕೆ ಹೇಳುವುದು ನನ್ನಿಂದ ಆಗುವುದಿಲ್ಲ. ನಿಮ್ಮ ತಾತನ ಹತ್ತಿರವೇ ನಾನು ಅಷ್ಟು ಮಾತಾಡಿದವಳಲ್ಲ. ಆದರೆ ತಾಳವಾಡಿ ಬೆಟ್ಟದ ಮೇಲಿನ ನಮ್ಮೂರ ಶಾಲೆಯಲ್ಲಿ ಕಲಿತ ಕನ್ನಡ ಬರವಣಿಗೆ ಕೈಯಲ್ಲಿ ಉಳಿದಿದೆ. ನಿಮಗೆ ಈ ಅಕ್ಷರ ಬಾರದು. ನಿಮ್ಮಮ್ಮ ಓದಿ ಹೇಳಲಿ.

ನಿಮ್ಮ ತಾತ ತೀರಿಹೋದ ಮೇಲೆ ನಮ್ಮ ಕಾರು ರಿಪೇರಿ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಕಟ್ಟುವುದು ಮೇಸ್ತ್ರಿಯ ಕೆಲಸ, ಬಿಡಿಭಾಗಗಳನ್ನು ತೊಳೆದು, ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುವುದು ನನ್ನ ಕೆಲಸ ಎಂದು ಆಗಿತ್ತು. ಗಿರಾಕಿಗಳ ಜೊತೆ ಮಾತಾಡುವುದೂ ಮೇಸ್ತ್ರಿಯೇ. ಯಾರಾದರೂ ಬಂದರೆ ನಾನು ಹಿಂದಿನ ಕೋಣೆಗೆ ಸರಿಯುತ್ತಿದ್ದೆ. ನಿಮ್ಮ ತಾತನನ್ನು ಮೇಸ್ತ್ರಿ ಅಣ್ಣ ಎನ್ನುತ್ತಿದ್ದುದರಿಂದ ನಾನು ಅವರಿಗೆ ಅಣ್ಣಿ, ಅಂದರೆ ಅತ್ತಿಗೆ. ಅವರದು ತಮಿಳು. ನಮ್ಮ ಮನೆಯಲ್ಲಿ ಉಂಡು ಕುಡಿದು ನಮ್ಮ ಕೊಯಮತ್ತೂರು ಕನ್ನಡವೂ ಅವರಿಗೆ ಬರುತ್ತಿತ್ತು. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಒಂದೆರಡು ಮಾತಿನ ಹೊರತು.

ಆನೈಮಲೈ ಕಡೆಯ ತೆಂಗಿನ ತೋಟದವರೊಬ್ಬರು ಒಂದು ಬೆಳಿಗ್ಗೆ ತಮ್ಮ ಸಣ್ಣ ಪೆಟ್ರೋಲ್ ಕಾರು ತಂದು ನಿಲ್ಲಿಸಿದರು. ಡಿಕ್ಕಿಯಲ್ಲಿ ಒಂದು ಟರ್ಬೊ ಇತ್ತು. ಯಾವುದೋ ಡೀಸೆಲ್ ಗಾಡಿಯಿಂದ ಬಿಚ್ಚಿದ್ದು.

“ಪೊಳ್ಳಾಚಿ ರೋಡಲ್ಲಿ ಎಲ್ಲರೂ ನನ್ನನ್ನ ದಾಟಿ ಹೋಗ್ತಾರೆ ಮೇಸ್ತ್ರಿ. ಇನ್ಮೇಲೆ ನಾನು ದಾಟಬೇಕು.”

“ದೊಡ್ಡ ಕಾರು ತಗೊಳ್ಳಿ, ದಾಟಿ,” ಎಂದರು ಮೇಸ್ತ್ರಿ.

“ದೊಡ್ಡ ಕಾರಲ್ಲಿ ದಾಟೋದು ಏನು ಗಟ್ಟಿಗತನ? ಇದರಲ್ಲಿ ದಾಟಿದರೆ ತಾನೇ ಮಜಾ!”

ಮೇಸ್ತ್ರಿ ನಗಲಿಲ್ಲ. “ಇದು ತಾನಾಗಿ ಉಸಿರಾಡೋ ಎಂಜಿನ್. ನೀವು ಹೇಳೋದು, ಇದರ ಬಾಯಿಗೆ ಕೊಳವೆ ಇಟ್ಟು ಊದಬೇಕು ಅಂತ. ಎಷ್ಟು ದಿನ ತಡೀತದೆ?”

ಟರ್ಬೊ ಎಂದರೆ ಏನು ಎಂದು ನಿಮಗೆ ಹೇಳಬೇಕು. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯನ್ನು ಸುಮ್ಮನೆ ಸೈಲೆನ್ಸರಿಗೆ ಬಿಡದೆ, ಒಂದು ಸಣ್ಣ ಚಕ್ರದ ಮೇಲೆ ಹಾಯಿಸುತ್ತಾರೆ. ಆ ಚಕ್ರ ತಿರುಗಿದರೆ ಅದನ್ನು ಪೋಣಿಸಿದ ಕಡ್ಡಿಯ ಇನ್ನೊಂದು ತುದಿಯ ಚಕ್ರವೂ ತಿರುಗಿ, ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು. ಬಲ ಬರುವುದು ಹಾಗೆ. ಆದರೆ ಆ ಎಂಜಿನ್ನಿನ ಪಿಸ್ಟನ್, ಅದನ್ನು ಹಿಡಿದ ಕಡ್ಡಿ, ಬೇರಿಂಗು ಎಲ್ಲ ಮೊದಲಿನ ಬಲಕ್ಕೆ ಎಂದು ಮಾಡಿದವು. ಪೆಟ್ರೋಲು ಸ್ವಲ್ಪ ಕಡಿಮೆಯಾದರೂ ಒಳಗಿನದು ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುತ್ತದೆ, ಪಿಸ್ಟನ್ ತೂತಾಗುತ್ತದೆ. ಬಿಸಿ ಏರಿದರೆ, ಒಳಗಿನದು ಸೋರದಂತೆ ಎಂಜಿನ್ನಿಗೂ ಅದರ ಮುಚ್ಚಳಕ್ಕೂ ನಡುವೆ ಇಡುವ ಗ್ಯಾಸ್ಕೆಟ್ ಹಾರುತ್ತದೆ. ಎಣ್ಣೆ ಸರಿಯಾಗಿ ಹೋಗದಿದ್ದರೆ ಟರ್ಬೊ ತಾನೇ ಸುಟ್ಟುಕೊಳ್ಳುತ್ತದೆ. ಮೇಸ್ತ್ರಿ ಇದನ್ನೆಲ್ಲ ಬೆರಳು ಮಡಿಸಿ ಹೇಳಿದರು. ತೋಟದವರು ಹೂಂ ಎನ್ನುತ್ತ ಕೇಳಿ, “ಆಗಲ್ಲ ಅಂದ್ರೆ ಹೇಳಿಬಿಡಿ ಮೇಸ್ತ್ರಿ. ನಿಮಗೆ ಇದು ಹೊಸದು. ಬೇರೆ ಕಡೆ ಕೊಡ್ತೀನಿ,” ಎಂದರು.

ಆ ಮಾತು ಮೇಸ್ತ್ರಿಗೆ ನಾಟಿತು. ಈಗಿನ ಎಂಜಿನ್ನಿಗೆ ಸ್ಪ್ಯಾನರ್ ಹಿಡಿದವರು ಸಾಲದು, ಲ್ಯಾಪ್‌ಟಾಪ್ ಹಿಡಿದವರು ಬೇಕು, ಮೇಸ್ತ್ರಿಯ ಕಾಲ ಮುಗಿಯಿತು ಎಂದು ಚಹಾದ ಅಂಗಡಿಯಲ್ಲಿ ಅವರ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುವುದು ಶುರುವಾಗಿತ್ತು. ಅವರು ಕೈ ಒರೆಸಿಕೊಂಡರು.

“ಬಿಟ್ಟು ಹೋಗಿ. ನಾನು ಕಟ್ಟಿದ ಎಂಜಿನ್ ಇವತ್ತಿನವರೆಗೆ ರೋಡಲ್ಲಿ ನಿಂತಿಲ್ಲ. ಇದು ನಿಂತರೆ ಸ್ಪ್ಯಾನರ್ ಕೆಳಗಿಡ್ತೀನಿ.”

ಪಕ್ಕದ ಲೇತಿನವರು, ಬಣ್ಣದ ಅಂಗಡಿಯವರು ಎಲ್ಲರೂ ಕೇಳಿಸಿಕೊಂಡರು. ಹಿಂದಿನ ಕೋಣೆಯಲ್ಲಿದ್ದ ನಾನೂ ಕೇಳಿಸಿಕೊಂಡೆ. ಮೇಸ್ತ್ರಿ ಹಾಗೆಲ್ಲ ಬಾಯಿಬಿಟ್ಟು ಹೇಳುವವರಲ್ಲ.

ಪೆಟ್ರೋಲು ಎಷ್ಟು ಬೀಳಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಹೊಸದಾಗಿ ಕೂರಿಸಲು ತೋಟದವರೇ ಮೈಸೂರಿನಿಂದ ಒಬ್ಬ ಟ್ಯೂನರನ್ನು ಕರೆಸಿದರು. ಮೂವತ್ತರ ಆಸುಪಾಸಿನವನು. ಕೊಯಮತ್ತೂರಿಗೆ ಬಂದದ್ದು ಅದೇ ಮೊದಲು. ಶೆಡ್ಡಿನ ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದ, ನಮ್ಮಲ್ಲೇ ಊಟ. ಮೊದಲ ದಿನ ನಾನು, “ತಂಬಿ, ರಸಂ ಊತ್ಲಾ?” ಎಂದು ಹುಯ್ಯಲು ಹೋದಾಗ ತಟ್ಟೆ ಹಿಡಿದುಕೊಂಡೇ ನಕ್ಕ.

“ಅಮ್ಮಾ, ನಿಮ್ಮ ಕನ್ನಡ ಕೇಳ್ತಿದ್ರೆ ಅರ್ಧ ನಮ್ಮನೆ, ಅರ್ಧ ಪಕ್ಕದ್ಮನೆ ಅನ್ನಿಸ್ತದೆ.”

“ನಿಂದು ರೇಡಿಯೋ ತರ ಇರುತ್ತೆ,” ಎಂದೆ. ಅಷ್ಟು ಹೇಳಿದ್ದಕ್ಕೇ ನನಗೆ ಮುಖ ಬಿಸಿಯಾಯಿತು.

ಮೇಸ್ತ್ರಿಗೂ ಅವನಿಗೂ ಹೊಂದಿಕೆಯಾಗುತ್ತದೋ ಇಲ್ಲವೋ ಎಂದು ಹೆದರಿದ್ದೆ. ಚೆನ್ನಾಗಿಯೇ ಹೊಂದಿತು. ಅವನಿಗೆ ಮುಜುಗರ ಆಗಬಾರದೆಂದು ಮೇಸ್ತ್ರಿ ತಮಗೆ ಬಂದಷ್ಟು ಕನ್ನಡದಲ್ಲಿ ಮಾತಾಡುವರು, ಇವರಿಗೆ ಮರ್ಯಾದೆಯಾಗಲೆಂದು ಅವನು ತನಗೆ ಬಂದಷ್ಟು ತಮಿಳಿನಲ್ಲಿ ಉತ್ತರ ಹೇಳುವನು. ಇಬ್ಬರೂ ಒಬ್ಬರ ಮನೆಗೆ ಇನ್ನೊಬ್ಬರು ನೆಂಟರಾಗಿ ಹೋದಂತೆ ಇರುತ್ತಿದ್ದರು.

ಕೆಲಸ ಕ್ರಮವಾಗಿ ನಡೆಯಿತು. ಬಿಚ್ಚುವ ಮೊದಲು ನಾಲ್ಕೂ ಸಿಲಿಂಡರಿನ ಒತ್ತಡ ನೋಡಿದರು. ನಾಲ್ಕೂ ಹತ್ತಿರ ಹತ್ತಿರ ಸಮ. ಆಮೇಲೆ ಎಂಜಿನ್ ಕೆಳಗಿಳಿಸಿ ಬಿಚ್ಚಿದರು. ಗಾಳಿಯನ್ನು ಒತ್ತಿ ತುಂಬುವಾಗ ಒಳಗಿನ ಒತ್ತಡ ಮೊದಲಿಗಿಂತ ಏರುತ್ತದೆ, ಅದಕ್ಕೆ ದಪ್ಪ ಗ್ಯಾಸ್ಕೆಟ್ ಹಾಕಿ ಒಳಗೆ ಸ್ವಲ್ಪ ಜಾಗ ಮಾಡಬೇಕು ಎಂದರು. ಹೆಚ್ಚು ಪೆಟ್ರೋಲು ಹಾಯುವ ಇಂಜೆಕ್ಟರು ಬಂತು. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ ಕೂರಿಸಲು ಅಳತೆ ತೆಗೆದರು. ಸಿಲಿಂಡರಿನ ಒಳಗೋಡೆಗಳನ್ನು ಉಜ್ಜಿ ಹದ ಮಾಡಿದರು. ನಾನು ಪಿಸ್ಟನ್ನುಗಳನ್ನು ತೊಳೆದು ಒಂದರಿಂದ ನಾಲ್ಕರವರೆಗೆ ಬಟ್ಟೆಯ ಮೇಲೆ ಇಟ್ಟೆ, ಅವುಗಳ ಉಂಗುರಗಳನ್ನು ಅವುಗಳ ಮುಂದೆ.

ಈ ಉಂಗುರಗಳ ವಿಷಯ ನಿಮಗೆ ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪಿಸ್ಟನ್ನಿನ ಸುತ್ತ ಕೂರುವ ಉಂಗುರ ಪೂರ್ತಿ ದುಂಡಗಿರುವುದಿಲ್ಲ. ಒಂದು ಕಡೆ ಕತ್ತರಿಸಿರುತ್ತದೆ, ಬಾಯಿ ಬಿಟ್ಟ ಬಳೆಯಂತೆ. ಆ ಬಾಯಿಗೆ ಗ್ಯಾಪ್ ಎನ್ನುತ್ತಾರೆ. ಎಂಜಿನ್ ಬಿಸಿಯಾದಾಗ ಉಂಗುರ ಹಿಗ್ಗುತ್ತದೆ, ಗ್ಯಾಪು ಕಿರಿದಾಗುತ್ತದೆ. ಟರ್ಬೊ ಹಾಕಿದರೆ ಬಿಸಿ ಹೆಚ್ಚು, ಹಿಗ್ಗುವುದೂ ಹೆಚ್ಚು. ಆದ್ದರಿಂದ ಕೂರಿಸುವ ಮೊದಲೇ ತುದಿಗಳನ್ನು ಅರದಲ್ಲಿ ಉಜ್ಜಿ ಗ್ಯಾಪನ್ನು ದೊಡ್ಡದು ಮಾಡಬೇಕು. ಮಾಡದಿದ್ದರೆ ಬಿಸಿಯಲ್ಲಿ ಎರಡು ತುದಿಗಳೂ ಒಂದಕ್ಕೊಂದು ಮುಟ್ಟುತ್ತವೆ. ಮುಟ್ಟಿದ ಮೇಲೆ ಉಂಗುರಕ್ಕೆ ಹಿಗ್ಗಲು ಜಾಗವಿಲ್ಲ. ಗೋಡೆಯನ್ನು ಕೊರೆಯುತ್ತದೆ, ಕಚ್ಚಿಕೊಳ್ಳುತ್ತದೆ, ಪಿಸ್ಟನ್ನಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ.

ಮೇಸ್ತ್ರಿ ಎಲ್ಲ ಉಂಗುರಗಳನ್ನೂ ಉಜ್ಜಿದ್ದರು. ಕೊನೆಯ ಪರೀಕ್ಷೆ ಟ್ಯೂನರನದು. ಒಂದೊಂದು ಉಂಗುರವನ್ನು ಅದರ ಸಿಲಿಂಡರಿನೊಳಗೆ ಇಳಿಸಿ, ಗ್ಯಾಪಿನಲ್ಲಿ ತೆಳು ಉಕ್ಕಿನ ಪಟ್ಟಿ ತೂರಿಸಿ ನೋಡಬೇಕು. ಸರಿಯಿದ್ದರೆ ಮೇಸ್ತ್ರಿ ಪಿಸ್ಟನ್ನಿಗೆ ಹಾಕಬೇಕು, ಸಾಲದಿದ್ದರೆ ಇನ್ನಷ್ಟು ಉಜ್ಜಬೇಕು. ಆ ದಿನ ನಾನು ಕಣ್ಣು ತೋರಿಸಲು ಆರ್.ಎಸ್. ಪುರಂಗೆ ಹೋಗಿದ್ದೆ. ಬರುವಷ್ಟರಲ್ಲಿ ನಾಲ್ಕೂ ಪಿಸ್ಟನ್ ಒಳಗೆ ಕೂತಿದ್ದವು. ಟ್ಯೂನರ್ ಮುಂದಿನ ಕೋಣೆಯಲ್ಲಿ ವೈರು ಬೆಸೆಯುತ್ತಿದ್ದವನು ಎದ್ದು ಬಂದು, “ಮೇಸ್ತ್ರಿ, ಮೂರನೇದು ಸರಿನಾ?” ಎಂದ.

“ಎಲ್ಲಾ ಸರಿ,” ಎಂದರು ಮೇಸ್ತ್ರಿ.

ಸರಿ ಎಂಬುದು ಎರಡು ಭಾಷೆಗೂ ಒಂದೇ. ಇಬ್ಬರೂ ಕೆಲಸಕ್ಕೆ ತಿರುಗಿದರು. ನಾನು ಚಹಾ ಕೊಟ್ಟೆ.

ಮೊದಲು ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಶೆಡ್ಡು ತುಂಬಿತು. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಆಮೇಲೆ ನೋಡಿದರೆ ಟರ್ಬೊದಿಂದ ಎಣ್ಣೆ ಕೆಳಗಿಳಿಯುವ ಕೊಳವೆ ಒಂದು ಕಡೆ ಮಡಚಿತ್ತು. ಇಳಿಯಲಾಗದ ಎಣ್ಣೆ ಹೊಗೆಯ ದಾರಿಗೆ ಒಸರುತ್ತಿತ್ತು. ಕೊಳವೆ ಬದಲಿಸಿ, ಇಳಿಜಾರು ಕೊಟ್ಟು ಕೂರಿಸಿದ ಮೇಲೆ ಹೊಗೆ ನಿಂತಿತು. ಎರಡನೆಯ ತೊಂದರೆ ರಸ್ತೆಯಲ್ಲಿ. ಸತ್ಯಮಂಗಲದ ಕಡೆ ಓಡಿಸಿಕೊಂಡು ಹೋದವರು ಬೇಗನೆ ಹಿಂತಿರುಗಿದರು. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದರೆ ಡಬ್ಬದೊಳಗೆ ಗೋಲಿ ಅಲ್ಲಾಡಿಸಿದ ಸದ್ದು ಬರುತ್ತದೆ ಎಂದರು. ಹೊತ್ತಿಗೆ ಮೊದಲು ಸಿಡಿಯುವ ಸದ್ದು ಅದೇ. ಟ್ಯೂನರ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕಿಡಿಯನ್ನು ತಡ ಮಾಡಿದ, ಪೆಟ್ರೋಲು ಹೆಚ್ಚಿಸಿದ, ಮತ್ತೆ ಓಡಿಸಿದರು, ಮತ್ತೆ ತಿದ್ದಿದ. ಕೊನೆಗೆ ಸದ್ದು ಹೋಯಿತು. ಕೆಲವು ದಿನ ಟರ್ಬೊದ ಒತ್ತಡ ಕಡಿಮೆ ಇಟ್ಟು ನಿಧಾನಕ್ಕೆ ಓಡಿಸಿ ಪಳಗಿಸಿದರು. ಒತ್ತಡ ಕಡಿಮೆಯಿದ್ದಾಗ ಬಿಸಿಯೂ ಕಡಿಮೆ, ಹಾಗಾಗಿ ಒಳಗೆ ಇದ್ದದ್ದು ಹೊರಗೆ ಕಾಣಲಿಲ್ಲ.

ಒತ್ತಡವನ್ನು ಪೂರ್ತಿ ಏರಿಸಿಟ್ಟ ದಿನ ತೋಟದವರು ಬಂದು ಕಾರು ತೆಗೆದುಕೊಂಡು ಹೋದರು. ಅಂದೇ ಮಧ್ಯಾಹ್ನ ಫೋನು ಬಂತು.

ಪೊಳ್ಳಾಚಿ ದಾಟಿ ನೇರ ರಸ್ತೆ ಸಿಕ್ಕಾಗ ಅವರು ಮೊದಲ ಬಾರಿಗೆ ಕಾಲು ಪೂರ್ತಿ ಒತ್ತಿದ್ದರು. ಮುಂದಿನ ದೊಡ್ಡ ಕಾರನ್ನು ದಾಟಿಯೂ ಇದ್ದರಂತೆ. ದಾಟಿದ ಮೇಲೆ ಹಿಂದೆ ಏನೂ ಕಾಣಲಿಲ್ಲವಂತೆ, ಬರೀ ಹೊಗೆ. ಎಣ್ಣೆ ನೋಡುವ ಕಡ್ಡಿ ತಾನಾಗಿ ಎದ್ದು ಬಂದು ಬಾನೆಟ್ಟಿನ ಒಳಗೆಲ್ಲ ಎಣ್ಣೆ ಎರಚಿತ್ತು. ಕಾರು ಲಾರಿಯ ಮೇಲೆ ಬಂತು. ಪಕ್ಕದ ಲೇತಿನವರು ಕೆಲಸ ನಿಲ್ಲಿಸಿ ಬಂದು ನೋಡಿದರು.

ಒತ್ತಡ ನೋಡಿದರು. ಒಂದು, ಎರಡು, ನಾಲ್ಕನೆಯ ಸಿಲಿಂಡರುಗಳಲ್ಲಿ ಸರಿಯಿತ್ತು. ಮೂರರಲ್ಲಿ ಮುಳ್ಳು ಮೇಲೇಳಲೇ ಇಲ್ಲ.

ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್, ತೆಗೆದಾಗ ಮೂರನೆಯ ಸಿಲಿಂಡರಿನ ಗೋಡೆಯ ಮೇಲೆ ಉದ್ದಕ್ಕೆ ಉಗುರಿನಿಂದ ಗೀರಿದಂತೆ ಗೆರೆಗಳಿದ್ದವು. ಪಿಸ್ಟನ್ನಿನ ಅಂಚು ಒಂದು ಕಡೆ ಮುರಿದಿತ್ತು. ಮೇಲಿನ ಉಂಗುರ ತುಂಡು ತುಂಡು. ಟ್ಯೂನರ್ ಮೊದಲು ಪಿಸ್ಟನ್ನಿನ ತಲೆಯನ್ನು ಬೆಳಕಿಗೆ ಹಿಡಿದ. ಪೆಟ್ರೋಲು ಸಾಲದೆ ಸಿಡಿದಿದ್ದರೆ ಅಲ್ಲಿ ಮರಳು ಎರಚಿದಂತೆ ಚುಕ್ಕೆಗಳಿರಬೇಕು, ಅದು ನುಣ್ಣಗಿತ್ತು. ನಾನು ಉಂಗುರದ ತುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಜೋಡಿಸಿದೆ. ಎರಡು ತುಂಡುಗಳ ತುದಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದನ್ನೊಂದು ಒತ್ತಿ ಒತ್ತಿ ಉಜ್ಜಿಕೊಂಡ ಹೊಳಪು.

ಮೇಸ್ತ್ರಿ ಅದನ್ನು ನೋಡಿ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

“ಗ್ಯಾಪ್ ಸಾಲಲಿಲ್ಲ,” ಎಂದ ಟ್ಯೂನರ್. “ಮೇಸ್ತ್ರಿ, ನಾನು ಅವತ್ತೇ ಹೇಳಿದ್ನಲ್ಲ, ಮೂರನೇದು ಇರುಕು ಅಂತ.”

“ಹೌದಪ್ಪಾ, ನೀನೇ ಹೇಳಿದೆ. ಇರುಕ್ಕು ಅಂತ ನೀನೇ ಹೇಳಿದೆ. ಅದಕ್ಕೇ ತಾನೇ ಹಾಕಿದೆ.”

“ಇರುಕು ಅಂದ್ಮೇಲೆ ಯಾಕ್ ಹಾಕಿದ್ರಿ?”

“ಇರುಕ್ಕು ಅಂದಮೇಲೆ ಹಾಕದೆ? ಕರ್ಪೂರ ಹಚ್ಚಿ ಆರತಿ ಎತ್ತಬೇಕಿತ್ತಾ?”

“ಎರಡು ಸಲ ಕೂಗಿ ಹೇಳಿದೀನಿ ನಾನು!”

“ನಾನೂ ಎರಡು ಸಲ ಕೇಳಿದೀನಿ! ಎರಡು ಸಲವೂ ನೀನು ಇರುಕ್ಕು ಅಂದೆ. ಈಗ ಇಲ್ಲ ಅಂತೀಯಾ?”

“ಇಲ್ಲ ಅಂತ ಎಲ್ಲಿ ಹೇಳ್ತಿದೀನಿ? ಅದನ್ನೇ ಹೇಳ್ತಿದೀನಿ!”

ಇಬ್ಬರ ದನಿಯೂ ಏರಿತು. ಪಕ್ಕದ ಲೇತು ನಿಂತಿತು. ನಾನು ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದೆ. ಇಬ್ಬರೂ ಒಂದೇ ಮಾತನ್ನು ಒಪ್ಪಿಕೊಳ್ಳುತ್ತ ಜಗಳವಾಡುತ್ತಿದ್ದರು.

ತಮಿಳಿನಲ್ಲಿ ಇರುಕ್ಕು ಎಂದರೆ ಇದೆ. ಮಕ್ಕಳೇ, ನೀವು ದಿನಕ್ಕೆ ನೂರು ಸಲ ಆಡುವ ಪದ. ಮೈಸೂರಿನ ಅವನ ಮಾತಿನಲ್ಲಿ ಇರುಕು ಎಂದರೆ ಇಕ್ಕಟ್ಟು, ಬಿಗಿ, ಜಾಗ ಸಾಲದು. ನಮ್ಮ ಕೊಯಮತ್ತೂರು ಕನ್ನಡದಲ್ಲಿ ಆ ಪದ ಇಲ್ಲ. ನಾವು ಟೈಟು ಎನ್ನುತ್ತೇವೆ. ಆದ್ದರಿಂದ ನಮ್ಮ ಕನ್ನಡ ಬಲ್ಲ ಮೇಸ್ತ್ರಿಗೂ ಅದು ಗೊತ್ತಿಲ್ಲ. ನಾನು ಹುಟ್ಟಿದ ಬೆಟ್ಟದ ಮೇಲೆ ಇದೆ. ಎರಡು ಬೇಲಿಯ ನಡುವಿನ ಇರುಕು ದಾರಿಯಲ್ಲಿ ನಾವು ಶಾಲೆಗೆ ಹೋಗುತ್ತಿದ್ದೆವು. ಆ ಶೆಡ್ಡಿನಲ್ಲಿ ಎರಡೂ ಪದಗಳ ನಡುವೆ ಬಾಳಿದವಳು ನಾನೊಬ್ಬಳೇ, ಉಂಗುರ ಅಳೆದ ದಿನ ಅವರು ಕೂಗಿ ಕೇಳಿ ಹೇಳಿಕೊಂಡ ಹೊತ್ತಿಗೆ ನಾನು ಅಲ್ಲಿರಲಿಲ್ಲ.

“ಸ್ವಲ್ಪ ಇರಿ,” ಎಂದೆ. ಕೇಳಿಸಲಿಲ್ಲ. ಇಬ್ಬರ ನಡುವೆ ಹೋಗಿ ನಿಂತೆ. ಆಗ ಸುಮ್ಮನಾದರು. “ಅವತ್ತು ಏನು ಕೇಳಿದ್ರಿ ಮೇಸ್ತ್ರಿ? ಹಂಗೇ ಹೇಳಿ.”

ಕಂಪ್ರೆಸರ್ ಓಡುತ್ತಿತ್ತಂತೆ. ಮೇಸ್ತ್ರಿ ಹಿಂದಿನ ಬೆಂಚಿನಿಂದ ಅವಸರಕ್ಕೆ ತಮಿಳಿನಲ್ಲೇ ಕೂಗಿದ್ದು, “ಮೂಣಾವದು ಗ್ಯಾಪ್ ಇರುಕ್ಕಾ?” ಮೂರನೆಯದಕ್ಕೆ ಗ್ಯಾಪ್ ಇದೆಯಾ ಎಂದು. ಟ್ಯೂನರನಿಗೆ ಕೇಳಿಸಿದ್ದು, ಮೂರನೆಯದರ ಗ್ಯಾಪ್ ಬಿಗಿಯಾ ಎಂದು. ಅವನ ಕೈಯ ಉಕ್ಕಿನ ಪಟ್ಟಿ ಆಗ ಒಳಗೆ ತೂರದೆ ನಿಂತಿತ್ತು. ಅವನು ಕನ್ನಡದಲ್ಲಿ ಕೂಗಿ ಹೇಳಿದ್ದು, “ಇರುಕು, ಇರುಕು!” ಹೇಳಿ, ಉಂಗುರವನ್ನು ಉಜ್ಜಲೆಂದು ಬಟ್ಟೆಯ ಮೇಲಿಟ್ಟು ವೈರಿನ ಕೆಲಸಕ್ಕೆ ಹೋದ. ಮೇಸ್ತ್ರಿ ಬಂದು ಅದನ್ನು ತೆಗೆದು ಪಿಸ್ಟನ್ನಿಗೆ ಹಾಕಿದರು.

ನಾನು ಎರಡು ಪದಗಳನ್ನೂ ಬಿಡಿಸಿ ಹೇಳಿದೆ. ಟ್ಯೂನರ್ ನೆಲ ನೋಡುತ್ತ, “ನನಗೂ ತಮಿಳಿನ ಇರುಕ್ಕು ಗೊತ್ತು ಅಮ್ಮಾ. ಬಸ್ಸಿಳಿದ ದಿನವೇ ಕಲಿತೆ. ಆದ್ರೆ ಪಟ್ಟಿ ತೂರ್ತಿರಲಿಲ್ಲ ನೋಡಿ, ಕಿವಿಗೆ ಬೇರೆ ಅರ್ಥವೇ ಬರಲಿಲ್ಲ,” ಎಂದ. ಮೇಸ್ತ್ರಿ ನಗಲು ಹೋದರು. ಆ ನಗು ಅರ್ಧಕ್ಕೇ ನಿಂತಿತು.

ಮರುದಿನ ತೋಟದವರು ಬರುವವರಿದ್ದರು. ಏನು ಹೇಳುವುದು ಎಂಬುದೇ ಈಗ ಪ್ರಶ್ನೆ.

“ಪೆಟ್ರೋಲು ಸರಿಯಿರಲಿಲ್ಲ ಅಂತ ಹೇಳವ,” ಎಂದ ಟ್ಯೂನರ್. “ಟರ್ಬೊ ಗಾಡಿಗೆ ಪೆಟ್ರೋಲು ಕೆಟ್ಟಿದ್ರೆ ಹಿಂಗೇ ಆಗೋದು, ಯಾರು ಬೇಕಾದ್ರೂ ನಂಬ್ತಾರೆ. ಮೇಸ್ತ್ರಿ ಮೇಲೂ ಏನೂ ಬರಲ್ಲ, ನನ್ನ ಮೇಲೂ ಏನೂ ಬರಲ್ಲ.”

ಮೇಸ್ತ್ರಿ ಒಪ್ಪಲಿಲ್ಲ. “ಹಾಕಿದ ಕೈ ನಂದು. ನಂದೇ ತಪ್ಪು ಅಂತ ಹೇಳಿಬಿಡ್ತೀನಿ. ಎಲ್ಲರ ಮುಂದೆ ಆಡಿದ ಮಾತಿದೆ. ಸ್ಪ್ಯಾನರ್ ಇಡ್ತೀನಿ, ಅಷ್ಟೇ.”

ನನಗೆ ಎರಡೂ ಬೇಡವಾಗಿತ್ತು. ಪೆಟ್ರೋಲು ಎಂದರೆ ಸುಳ್ಳು. ನಾಳೆ ಅವರು ಬೇರೆ ಬಂಕಿನಲ್ಲಿ ಹಾಕಿಸಿ ಮತ್ತೆ ಕಾಲು ಒತ್ತುತ್ತಾರೆ. ಮೇಸ್ತ್ರಿಯ ತಪ್ಪು ಎಂದರೆ ಅದೂ ಸುಳ್ಳು. ಗ್ಯಾಪ್ ಬಿಗಿ ಎಂದು ತಿಳಿದೂ ಹಾಕುವ ಕೈಯಲ್ಲ ಅದು. ನಡೆದದ್ದನ್ನು ನಡೆದಂತೆ ಹೇಳಿದರೆ ಇಬ್ಬರ ಕೆಲಸಕ್ಕೂ ಕಳಂಕವಿಲ್ಲ ಎಂದು ನನಗೆ ಅನ್ನಿಸಿತು. ಆದರೆ ಅದನ್ನು ಅವರಿಬ್ಬರಲ್ಲಿ ಯಾರು ಹೇಳಿದರೂ ನೆಪದಂತೆ ಕೇಳಿಸುತ್ತದೆ. “ನಾನೇ ಹೇಳ್ತೀನಿ,” ಎಂದೆ. ಮೇಸ್ತ್ರಿ ತಲೆಯೆತ್ತಿ ನನ್ನನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ನಾನು ಒಬ್ಬ ಗಿರಾಕಿಯ ಎದುರಿಗೂ ನಿಂತವಳಲ್ಲ.

ತೋಟದವರು ಬಂದಾಗ ಬಟ್ಟೆಯ ಮೇಲಿನ ತುಂಡುಗಳನ್ನು ತೋರಿಸಿದೆ. ಅವರು ನನ್ನನ್ನು ಬಿಟ್ಟು ಮೇಸ್ತ್ರಿಯನ್ನೇ ನೋಡುತ್ತಿದ್ದರು. “ಇನ್ನು ಇವರು ಮುಟ್ಟೋದು ಬೇಡ. ಬೇರೆಯವರ ಕೈಲಿ ಕಟ್ಟಿಸಿ,” ಎಂದರು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತಮಿಳಿನಲ್ಲಿ, ಹೊಳೆಯುವ ತುದಿಗಳಿಂದ ಹಿಡಿದು ಕಂಪ್ರೆಸರಿನ ಸದ್ದಿನವರೆಗೆ ಎಲ್ಲವನ್ನೂ ಹೇಳಿದೆ. ಎರಡು ಪದಗಳನ್ನೂ ಹೇಳಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸುತ್ತಿತ್ತು.

ಅವರು ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಮುಖ ಅಗಲವಾಯಿತು. ಆಮೇಲೆ ಕಾರಿನ ಬಾಗಿಲಿಗೆ ಒರಗಿ ನಗಲು ಶುರು ಮಾಡಿದರು.

“ಗ್ಯಾಪ್ ಇರುಕ್ಕಾ ಅಂದ್ರೆ ಇರುಕು ಅಂದನಾ! ಅಯ್ಯೋ ಮುರುಗಾ! ಮಾತಲ್ಲೇ ಎಂಜಿನ್ ಒಡೆದ್ರಾ?” ಕಣ್ಣೊರೆಸಿಕೊಂಡರು. “ಸರಿ ಬಿಡಿ ಅಕ್ಕಾ. ಮೇಸ್ತ್ರಿನೇ ಕಟ್ಟಲಿ. ಈ ಸಲ ಇಬ್ಬರೂ ಒಂದೇ ಭಾಷೆ ಮಾತಾಡಿ!”

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕರು. ನಾನು ಮುಷ್ಟಿಯಲ್ಲಿದ್ದ ಸೆರಗನ್ನು ಬಿಟ್ಟೆ.

ಮೂರನೆಯ ಸಿಲಿಂಡರಿನ ಒಳಗೋಡೆಗೆ ಹೊಸ ಸ್ಲೀವ್ ಕೂರಿಸಿ, ಹೊಸ ಪಿಸ್ಟನ್ ಹಾಕಿ ಕಟ್ಟಿದರು. ಬಾಯಿಮಾತಿನ ಮೇಲೆ ಯಾವ ಎಂಜಿನ್ನೂ ಮುಚ್ಚಬಾರದು ಎಂದು ನಾನು ಹೇಳಿದೆ. ಅಳೆದವರು ಅಳತೆಯನ್ನು ಸೀಮೆಸುಣ್ಣದಲ್ಲಿ ಎಂಜಿನ್ನಿನ ಮೈಮೇಲೆ ಅಂಕಿಯಲ್ಲಿ ಬರೆಯಬೇಕು, ಹಾಕುವವರು ಮತ್ತೆ ತಾವೇ ಅಳೆಯಬೇಕು. ಟರ್ಬೊದ ಒತ್ತಡವನ್ನೂ ಕಡಿಮೆಗೆ ಕಟ್ಟಿಹಾಕಿದರು. ಇಷ್ಟರ ಮೇಲೆ ಏರಿಸಿದರೆ ನಮ್ಮ ಹತ್ತಿರ ಬರಬೇಡಿ ಎಂದು ಟ್ಯೂನರ್ ತೋಟದವರಿಗೆ ಹೇಳಿ, ಮೈಸೂರಿಗೆ ಹೋದ. ಬಸ್ ಹತ್ತುವ ಮೊದಲು ಮೇಸ್ತ್ರಿಯ ಕಾಲು ಮುಟ್ಟಿದ. ಆ ಕಾರು ಇವತ್ತಿಗೂ ಓಡುತ್ತಿದೆ.

ತೋಟದವರು ಕೆಟ್ಟವರಲ್ಲ. ಕಥೆ ಚೆನ್ನಾಗಿತ್ತು, ಹೇಳಿದರು, ಅಷ್ಟೇ. ರೇಸಿಗೆ ಹೋಗುವ ಸ್ನೇಹಿತರಿಗೆ ಹೇಳಿದರು. ಅವರು ತಮ್ಮ ತಮ್ಮ ಮೆಕ್ಯಾನಿಕ್ಕುಗಳಿಗೆ ಹೇಳಿದರು. ಮೇಸ್ತ್ರಿ ಗಾಂಧಿಪುರಂನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಗ್ಯಾಸ್ಕೆಟ್ ಕೇಳಲು ಹೋದರೆ ಗಲ್ಲಾದಲ್ಲಿದ್ದವರು, “ಇರುಕು ಮೇಸ್ತ್ರಿ, ಇರುಕು!” ಎಂದರಂತೆ. ಬಂದು ನನಗೆ ಹೇಳಿ ತಾವೂ ನಕ್ಕರು. ಚಹಾದ ಅಂಗಡಿಯಲ್ಲಿ ಮೇಸ್ತ್ರಿ ಕೂರಲು ಬಂದರೆ, ಬೆಂಚಿನ ಮೇಲೆ ಜಾಗವಿದ್ದರೂ, “ಗ್ಯಾಪ್ ಇರುಕ್ಕಾ?” ಎಂದು ಒಬ್ಬ ಕೇಳುವನು, ಉಳಿದವರೆಲ್ಲ ಒಟ್ಟಿಗೆ “ಇರುಕು!” ಎನ್ನುವರು. ಸಿಲಿಂಡರ್ ಕೊರೆಯುವ ಕಡೆ, ವೆಲ್ಡಿಂಗಿನ ಕಡೆ, ಎಲ್ಲ ಕಡೆ ಅದೇ ಮಾತು. ಅವರ ಹೆಸರು ಹಿಡಿದು ಕರೆಯುವುದೇ ನಿಂತುಹೋಯಿತು. ಇರುಕು ಮೇಸ್ತ್ರಿ ಎಂದರೆ ಸಾಕಾಗಿತ್ತು.

ಒಂದು ತಪ್ಪು ಮಾಡಿದ್ದರೆ ಜನ ಬೈಯುತ್ತಿದ್ದರು, ಸ್ವಲ್ಪ ದಿನಕ್ಕೆ ಮರೆಯುತ್ತಿದ್ದರು. ಇದು ತಪ್ಪಲ್ಲ, ತಮಾಷೆ. ತಮಾಷೆಗೆ ಉತ್ತರ ಕೊಡುವುದು ಹೇಗೆ? ಕೋಪ ಮಾಡಿಕೊಂಡರೆ ಇನ್ನೂ ನಗುತ್ತಾರೆ.

ಮೊದಲು ಅವರು ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟರು. ಆಮೇಲೆ ಪಾರ್ಟ್ಸ್ ತರಲು ಹೋಗುವುದನ್ನು ಬಿಟ್ಟರು. ನಾನೇ ಹೋಗಿ ತಂದೆ. ನನ್ನನ್ನು ನೋಡಿ ಅಂಗಡಿಯವರು ನಗು ನುಂಗಿಕೊಳ್ಳುತ್ತಿದ್ದರು. ಆಮೇಲೆ ಗಿರಾಕಿ ಬಂದರೆ ಮೇಸ್ತ್ರಿಯೂ ಹಿಂದಿನ ಕೋಣೆಗೆ ಬರತೊಡಗಿದರು. ಆ ಕೋಣೆಯಲ್ಲಿ ಇಬ್ಬರೂ ನಿಂತು, ಮುಂದೆ ಯಾರು ಹೋಗಿ ಮಾತಾಡುವುದು ಎಂದು ಒಬ್ಬರನ್ನೊಬ್ಬರು ನೋಡಿಕೊಂಡಿದ್ದುಂಟು. ಕಟ್ಟಿದ ಎಂಜಿನ್ನನ್ನು ಮತ್ತೆ ಬಿಚ್ಚಿ ಅಳೆಯುವುದು ಶುರುವಾಯಿತು. ಒಂದು ಗ್ಯಾಪನ್ನು ಮೂರು ಸಲ, ನಾಲ್ಕು ಸಲ.

ಒಂದು ಬೆಳಿಗ್ಗೆ ಮೇಸ್ತ್ರಿ ತಮ್ಮ ಸ್ಪ್ಯಾನರುಗಳನ್ನೆಲ್ಲ ತೊಳೆದು, ಎಣ್ಣೆ ಸವರಿ, ನಾನು ಪಿಸ್ಟನ್ ಇಡುವ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ತಮ್ಮ ಮಗಳ ಮನೆ ತಿರುಪ್ಪೂರಿನಲ್ಲಿದೆ, ಅಳಿಯ ಕೆಲಸ ಮಾಡುವ ಬನಿಯನ್ ಕಂಪನಿಯಲ್ಲಿ ಯಂತ್ರ ನೋಡಿಕೊಳ್ಳಲು ಆಳು ಬೇಕಂತೆ ಎಂದರು. ನಾನು ತಡೆಯಲಿಲ್ಲ. ತಡೆಯುವ ಮಾತು ಬಾಯಿಗೆ ಬರುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಮಳೆಗಾಲ ಕಳೆದ ಮೇಲೆ ನಾನು ತಿರುಪ್ಪೂರಿಗೆ ಹೋದೆ. ಮೇಸ್ತ್ರಿ ಅವರ ಮಗಳ ಮನೆಯಲ್ಲಿ ಇರಲಿಲ್ಲ. ಕಂಪನಿಗೇ ಹೋಗಿ ಎಂದರು. ಉದ್ದನೆಯ ಹಜಾರ, ಒಳಗೆ ಬನಿಯನ್ ಬಟ್ಟೆ ಹೆಣೆಯುವ ದುಂಡು ಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಗಾಳಿಯಲ್ಲೆಲ್ಲ ಹತ್ತಿಯ ಎಳೆ. ಸದ್ದು ಎಂದರೆ ಎದೆಗೆ ಗುದ್ದುವ ಸದ್ದು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನೂಲು ತುಂಡಾದರೆ ಕೈ ಎತ್ತುವರು, ನಿಲ್ಲಿಸಬೇಕಾದರೆ ಅಂಗೈ ತೋರಿಸುವರು. ಮೇಸ್ತ್ರಿ ಒಂದು ಯಂತ್ರದ ಕೆಳಗಿನಿಂದ ಎದ್ದು ಬಂದರು. ತಲೆಗೂದಲು, ಹುಬ್ಬು ಎಲ್ಲ ಬಿಳಿ, ಅರ್ಧ ವಯಸ್ಸಿನಿಂದ, ಅರ್ಧ ಹತ್ತಿಯಿಂದ. ನನ್ನನ್ನು ಕಂಡು ಎರಡೂ ಕೈ ಜೋಡಿಸಿದರು. ಮುಖದಲ್ಲಿ ಸಂತೋಷ ಇತ್ತು. ಅದು ನಿಜ, ಬರೆಯದೆ ಬಿಡಬಾರದು.

“ಶೆಡ್ಡಿಗೆ ಬನ್ನಿ ಮೇಸ್ತ್ರಿ,” ಎಂದೆ.

ಅವರು ಕಿವಿಯ ಹಿಂದೆ ಕೈ ಇಟ್ಟು ಬಗ್ಗಿದರು.

ಇನ್ನೊಮ್ಮೆ ಹೇಳಿದೆ. ಕೇಳಿಸಲಿಲ್ಲ. ಹೊರಗೆ ಬನ್ನಿ ಎಂದು ಕರೆಯಬಹುದಿತ್ತು, ಆಗ ತೋಚಲಿಲ್ಲ. ನಾನು ಉಸಿರೆಳೆದುಕೊಂಡು ಕೂಗಿದೆ. ಹುಟ್ಟಿದಾಗಿನಿಂದ ಅಷ್ಟು ಗಟ್ಟಿಯಾಗಿ ಕೂಗಿದವಳಲ್ಲ. “ಮೇಸ್ತ್ರಿ, ವಾಪಸ್ ಬನ್ನಿ! ನೀವಿಲ್ದೆ ಆಗಲ್ಲ!”

ಸಾಲಿನಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಮೇಸ್ತ್ರಿ ಕಿವಿಯಿಂದ ಕೈ ತೆಗೆದರು. “ವೇಂಡಾಂ ಅಣ್ಣಿ,” ಎಂದರು. ದನಿ ನನ್ನನ್ನು ಮುಟ್ಟಲಿಲ್ಲ, ತುಟಿಯಲ್ಲೇ ಓದಿಕೊಂಡೆ. ಆಮೇಲೆ ನನಗಾಗಿ ಕನ್ನಡದಲ್ಲೂ ಹೇಳಿದರು, “ಬೇಡ.” ಎರಡೂ ಒಂದೇ ಮಾತು. ಅದರಲ್ಲಿ ತಪ್ಪಾಗಿ ಕೇಳಿಸಿಕೊಳ್ಳಲು ಏನೂ ಇರಲಿಲ್ಲ.